ಮಂದ್ರದ ಸೆಲಿನ್

ಕಳೆದ ಜನವರಿಯಲ್ಲಿ ತಂಗಿಯ ಮನೆಗೆಂದು ಬಹರೈನಿಗೆ ಹೋಗಿದ್ದೆ. ಅಲ್ಲಿ ಬಹಳ ವರ್ಷ ನರ್ಸ್ ಆಗಿ ದುಡಿದು ಬಿಟ್ಟು ಬಂದ ಮೇಲೆ ಮತ್ತೆ ಕಾಲಿಟ್ಟದ್ದು ಅದೇ ಮೊದಲು. ಮುಹರಕ್ಕಿನ ಹಳೆಯ ಓಣಿಯಲ್ಲಿ ಹೊಸದಾಗಿ ಒಂದು ಕಾಫಿ ಅಂಗಡಿ ಆಗಿದೆ, ನೋಡುವಂತಿದೆ ಎಂದು ತಂಗಿ ಕರೆದುಕೊಂಡು ಹೋದಳು. ಬೆಳಿಗ್ಗೆಯಷ್ಟೇ ಮಳೆ ಹನಿದಿತ್ತು. ಬಾಗಿಲು ದಾಟುತ್ತಿದ್ದಂತೆ ಒದ್ದೆ ಗಾರೆಯ ವಾಸನೆ, ಅದರೊಳಗೆ ಅರಬರ ಧೂಪ ಬುಖೂರಿನ ಹೊಗೆಯ ಘಮ. ನಾನು ಅಲ್ಲೇ ನಿಂತೆ. ಇದು ಅದೇ ಮನೆ. ಹಿಂದೆ ಮುತ್ತಿನ ವ್ಯಾಪಾರಿಯೊಬ್ಬ ಕಟ್ಟಿಸಿದ್ದ ಈ ಮನೆಯ ಮಹಡಿಯಲ್ಲಿ ನಾವು ಒಂದಷ್ಟು ಹೆಂಗಸರು ಮರದ ಜಾಲರಿಯ ಹಿಂದೆ ನಿಂತು ಹಾಡಿದ್ದೆವು. ಏನು ಕುಡಿಯುತ್ತಿ ಎಂದು ತಂಗಿ ಕೇಳುತ್ತಿದ್ದಳು. ನನಗೆ ಸೆಲಿನಳ ಹೊರತು ಬೇರೆ ಯಾವುದರ ಕಡೆಗೂ ಮನಸ್ಸು ಹೋಗಲಿಲ್ಲ.

ಕೊರೋನಾದ ಭಯ ಇಳಿದು ಜನ ಮತ್ತೆ ಗುಂಪುಗೂಡಲು ಕಲಿಯುತ್ತಿದ್ದ ಚಳಿಗಾಲ ಅದು. ನಾನು ಗುಫೂಲಿನ ಒಂದು ಫ್ಲಾಟಿನಲ್ಲಿ ಇತರ ನರ್ಸುಗಳ ಜೊತೆ ಇದ್ದೆ. ಶುಕ್ರವಾರ ರಜೆ, ಬೆಳಿಗ್ಗೆ ಚರ್ಚು, ಆಮೇಲೆ ಗಾಯನ ಮಂಡಳಿಯ ಅಭ್ಯಾಸ. ಆ ನವೆಂಬರಿನಲ್ಲಿ ನಮ್ಮ ಚರ್ಚಿಗೆ ಪಾವೊಲಾ ಎಂಬ ಇಟಲಿಯ ಹೆಂಗಸು ಬರತೊಡಗಿದರು. ಗಂಡ ಯಾವುದೋ ಕಂಪನಿಯಲ್ಲಿ ಎಂಜಿನಿಯರು, ಇವರು ಮಕ್ಕಳಿಗೆ ಪಿಯಾನೊ ಕಲಿಸುತ್ತಿದ್ದರು. ಆದರೆ ಅವರ ನಿಜವಾದ ಹುಚ್ಚು ಬೇರೆ. ಮುನ್ನೂರು ನಾನೂರು ವರ್ಷದ ಹಿಂದೆ ತಮ್ಮ ವೆನಿಸ್ ಪಟ್ಟಣ ಕಿವಿಗೆ ಹೇಗೆ ಕೇಳಿಸುತ್ತಿತ್ತು ಎಂಬುದನ್ನು ಅವರು ವರ್ಷಗಟ್ಟಲೆ ಓದಿದ್ದರು. ಗಾಡಿಯ ಚಕ್ರವೇ ಉರುಳದ ಊರು ಅದು; ನೀರಿನ ಮೇಲೆ ಹೆಜ್ಜೆಯ ಸದ್ದು, ಮಾತಿನ ಸದ್ದು ದೂರದವರೆಗೆ ಹೋಗುತ್ತಿತ್ತಂತೆ. ಕಾಲುವೆಯ ತಿರುವಿನಲ್ಲಿ ದೋಣಿಯವನು ಎದುರು ಬರುವವನಿಗೆ ಕೂಗಿ ಎಚ್ಚರಿಸುತ್ತಿದ್ದನಂತೆ. ಕೆಲಸಕ್ಕೆ ಕರೆಯುವ ಗಂಟೆ ಬೇರೆ, ಸಭೆಗೆ ಕರೆಯುವ ಗಂಟೆ ಬೇರೆ, ಯಾರನ್ನಾದರೂ ಮರಣದಂಡನೆಗೆ ಒಯ್ಯುವಾಗ ಬಾರಿಸುವ ಗಂಟೆ ಬೇರೆ. ಊರಿನವರು ಕೈಕೆಲಸ ಬಿಡದೆ, ತಲೆ ಎತ್ತದೆ ಇದು ಯಾವ ಗಂಟೆ ಎಂದು ಹೇಳುತ್ತಿದ್ದರಂತೆ.

ಆ ಊರಿನಲ್ಲಿ ಅನಾಥ ಹೆಣ್ಣುಮಕ್ಕಳನ್ನು ಸಾಕುವ ಮನೆಗಳಿದ್ದವು. ಹೆತ್ತವರು ಬಿಟ್ಟುಹೋದ ಕೂಸುಗಳಿಗೆ ಅಲ್ಲಿ ಸಂಗೀತ ಕಲಿಸುತ್ತಿದ್ದರು. ದೊಡ್ಡವರಾದ ಮೇಲೆ ಅವರು ಚರ್ಚಿನ ಮಹಡಿಯಲ್ಲಿ ಕಬ್ಬಿಣದ ಜಾಲರಿಯ ಹಿಂದೆ ನಿಂತು ಹಾಡುತ್ತಿದ್ದರು; ದೇಶದೇಶದಿಂದ ಬಂದವರು ಕೆಳಗೆ ಕುಳಿತು ಮುಖ ಕಾಣದೆ ಕೇಳುತ್ತಿದ್ದರು. ಗಂಡಸರಿಗೆ ಅಲ್ಲಿ ಜಾಗವಿಲ್ಲ. ಗಂಡಸಿನ ದನಿಗೆ ಬರೆದ ಮಂದ್ರದ ಸಾಲನ್ನೂ ಹುಡುಗಿಯರೇ ಹಾಡಬೇಕು. ಮನೆತನದ ಹೆಸರಿಲ್ಲದ ಕಾರಣ ಅವರನ್ನು ಹಾಡುವ ಸ್ವರದಿಂದ, ನುಡಿಸುವ ವಾದ್ಯದಿಂದ ಕರೆಯುತ್ತಿದ್ದರು. ಪಿಟೀಲಿನ ಇಂಥವಳು, ಮಂದ್ರದ ಇಂಥವಳು ಎಂದು. ಆ ಸಂಗೀತವನ್ನು ಮಾರ್ಚಿನಲ್ಲಿ ಮುಹರಕ್ಕಿನ ಹಳೆಯ ಮನೆಯಲ್ಲಿ ಕೇಳಿಸಬೇಕು, ಹೆಂಗಸರು ಬೇಕು ಎಂದು ಪಾವೊಲಾ ನಮ್ಮ ಮಂಡಳಿಯನ್ನು ಕೇಳಿದರು. ಮಂಗಳೂರಿನವರು, ಗೋವಾದವರು, ಮಲಯಾಳಿಗಳು, ಫಿಲಿಪ್ಪೀನಿನವರು, ಹೀಗೆ ಒಂದು ಗುಂಪು ಸೇರಿತು. ಎತ್ತರದ ದನಿಗೆ ಕೊರತೆಯಿರಲಿಲ್ಲ. ಕೆಳಗಿನ ಸಾಲಿಗೆ ಮಾತ್ರ ಯಾರೂ ಇಳಿಯಲಾರದೆ ಹೋದೆವು.

ಒಂದು ಶುಕ್ರವಾರ ಪೂಜೆಯ ನಡುವೆ ಪಾವೊಲಾ ಹಿಂತಿರುಗಿ ನೋಡಿದರು. ಕೊನೆಯ ಬೆಂಚಿನಲ್ಲಿ ಯಾರೋ ಜನರ ಜೊತೆ ಸೇರಿ ಪ್ರಾರ್ಥನೆಯನ್ನು ಹಾಡುತ್ತಿದ್ದರು. ದನಿ ಗಂಡಸಿನದು, ಕುಳಿತವಳು ಹೆಂಗಸು. ಎಲ್ಲರೂ ಮಾಸ್ಕ್ ಬಿಟ್ಟಿದ್ದ ಆ ದಿನಗಳಲ್ಲೂ ಮಾಸ್ಕ್ ಹಾಕಿಕೊಂಡಿದ್ದಳು, ಕೊರಳಿಗೆ ಶಾಲು ಸುತ್ತಿದ್ದಳು. ಅವಳೇ ಸೆಲಿನ್. ನಮ್ಮ ಬೆಳ್ಮಣ್ಣಿನ ಕಡೆಯವಳು. ಬುದಯ್ಯ ಎಂಬ ಊರಿನ ಒಂದು ಬಹರೈನಿ ಮನೆಯಲ್ಲಿ ಮುದುಕಿಯೊಬ್ಬರನ್ನು ನೋಡಿಕೊಳ್ಳುತ್ತಿದ್ದಳು. ವಾರಕ್ಕೊಮ್ಮೆ ಮನೆಯ ಡ್ರೈವರು ತರಕಾರಿಗೆ ಬರುವಾಗ ಇವಳನ್ನು ಚರ್ಚಿನ ಹತ್ತಿರ ಇಳಿಸಿ ಹೋಗುತ್ತಿದ್ದ.

ಪಾವೊಲಾ ಕೇಳಿದಾಗ ಅವಳು ಒಪ್ಪಲಿಲ್ಲ. ಹಾಡುವವರ ಮುಖ ಯಾರಿಗೂ ಕಾಣುವುದಿಲ್ಲ, ಮುಂದೆ ಜಾಲರಿ ಇರುತ್ತದೆ ಎಂದು ನಾನು ಕೊಂಕಣಿಯಲ್ಲಿ ಬಿಡಿಸಿ ಹೇಳಿದ ಮೇಲೆ, ಮುಖ ಕಾಣುವುದಿಲ್ಲ ಎಂಬುದು ಖಂಡಿತವೋ ಎಂದು ಮತ್ತೊಮ್ಮೆ ಕೇಳಿದಳು. ನಂತರ ಬಂದಳು. ಅಂದಿನಿಂದ ನನ್ನನ್ನು, ಅಕ್ಕ ಎನ್ನುವ ಹಾಗೆ, ಕೊಂಕಣಿಯಲ್ಲಿ ‘ಬಾಯಿ’ ಎಂದು ಕರೆಯತೊಡಗಿದಳು.

ಅವಳು ಬಂದ ಮೇಲೆ ಹಾಡಿಗೆ ನೆಲ ಸಿಕ್ಕಿತು. ನಾವು ಮೇಲೆ ಎಷ್ಟು ತಪ್ಪಿದರೂ ಕೆಳಗೆ ಅವಳ ಸ್ವರ ಅಲುಗದೆ ಇರುತ್ತಿತ್ತು. ಓದಲು ಬಾರದ ಸ್ವರಲಿಪಿಯನ್ನು ಅವಳು ಪಾವೊಲಾ ಹಾಡಿ ತೋರಿಸಿದಷ್ಟನ್ನು ಕೇಳಿಯೇ ಕಲಿತಳು. ಪಾವೊಲಾರಿಗೆ ಹಿಗ್ಗೋ ಹಿಗ್ಗು. ಅವಳನ್ನು ‘ಮಂದ್ರದ ಸೆಲಿನ್’ ಎಂದು ತಮ್ಮ ಭಾಷೆಯಲ್ಲಿ ಕರೆಯತೊಡಗಿದರು. ನಾವೂ ತಮಾಷೆಗೆ ಹಾಗೇ ಕರೆದೆವು. ಅವಳು ಮಾಸ್ಕಿನ ಒಳಗೆ ನಗುತ್ತಿದ್ದಿರಬೇಕು, ಕಣ್ಣು ಸಣ್ಣದಾಗುತ್ತಿತ್ತು.

ಡಿಸೆಂಬರಿನಲ್ಲಿ ಒಂದು ಸಂಜೆ ಪಾವೊಲಾ ನಮ್ಮನ್ನು ಮನಾಮದ ಹಳೆಯ ಪೇಟೆ ಸೂಕಿಗೆ ಕರೆದೊಯ್ದರು. ಏನನ್ನೂ ಕೊಳ್ಳಬಾರದು, ಬರೀ ಕೇಳಬೇಕು. ತಳ್ಳುಗಾಡಿಯವನು ದಾರಿ ಬಿಡಿ ಎಂದು “ತರೀಖ್, ತರೀಖ್” ಎನ್ನುತ್ತ ಬಂದ. ಒಂದು ಮಸೀದಿಯ ಬಾಂಗು ಮುಗಿಯುವ ಮೊದಲೇ ಇನ್ನೊಂದರದು ಎದ್ದಿತು, ಆಮೇಲೆ ಮತ್ತೊಂದರದು. ಅಲ್ಲಿಯವರು ಕೋಲ್ಡ್ ಸ್ಟೋರ್ ಎನ್ನುವ ಕಿರಾಣಿ ಅಂಗಡಿಯ ಮುಂದೆ ಕಾರಿನವರು ಇಳಿಯದೆ ಹಾರ್ನ್ ಹೊಡೆದು ಸಾಮಾನು ತರಿಸಿಕೊಳ್ಳುತ್ತಿದ್ದರು. ದಿನಾ ಕೇಳುವುದಾದ್ದರಿಂದ ಇದು ನಿಮಗೆ ಕೇಳುವುದೇ ಇಲ್ಲ, ಆ ಕಾಲದ ವೆನಿಸಿನವರಿಗೂ ಹಾಗೆಯೇ, ಅದಕ್ಕೇ ಬರೆದಿಟ್ಟವರು ಕಡಿಮೆ ಎಂದು ಪಾವೊಲಾ ಹೇಳಿದರು. ಹಾಗೆ ನಡೆಯುವಾಗ ಒಬ್ಬ ಕೆಲಸಗಾರ ಗೋಡೆಗೆ ಒರಗಿ ಫೋನಿನಲ್ಲಿ ಜೋರಾಗಿ ತುಳುವಿನಲ್ಲಿ ಮಗುವಿನ ಹತ್ತಿರ ಮಾತಾಡುತ್ತಿದ್ದ. ಊಟ ಆಯಿತಾ, ಏನು ಪದಾರ್ಥ, ಅಷ್ಟೇ. ಸೆಲಿನ್ ಅವನ ಹತ್ತಿರ ನಿಂತುಬಿಟ್ಟಳು. ಗುಂಪು ಮುಂದೆ ಹೋಯಿತು. ನಾನು ಕಾದೆ.

ತಾನು ಮಗಳಿಗೆ ಫೋನು ಮಾಡದೆ ವರ್ಷದ ಮೇಲಾಯಿತು ಎಂದು ಅವಳು ನನಗೆ ಹೇಳಿದ್ದು ಅಲ್ಲಿ. ಮಗಳ ಹೆಸರು ಶರಲ್. ಮಂಗಳೂರಿನಲ್ಲಿ ಸಿಸ್ಟರುಗಳ ಹಾಸ್ಟೆಲಿನಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದಳು. ಗಂಡ ಮಲ್ಪೆಯ ಬೋಟಿನವನು, ಬೇರೊಂದು ಸಂಸಾರ ಹೂಡಿ ಹೋಗಿದ್ದ. ಸೆಲಿನ್ ಊರಿನ ಚರ್ಚಿನಲ್ಲಿ ಎಲ್ಲರಿಗಿಂತ ಎತ್ತರದಲ್ಲಿ ಹಾಡುತ್ತಿದ್ದವಳಂತೆ. ಬಹರೈನಿಗೆ ಬಂದು ಮೂರು ವರ್ಷದ ಮೇಲೆ ಗಂಟಲು ಒಡೆಯಲು ಶುರುವಾಯಿತು. ಎಸಿ ಗಾಳಿಗೆ, ಧೂಳಿಗೆ ಹಾಗಾಯಿತು ಎಂದು ಬಿಸಿನೀರು ಕುಡಿದಳು, ಅರಿಸಿನ ಹಾಕಿದ ಹಾಲು ಕುಡಿದಳು. ದನಿ ಇಳಿಯುತ್ತಲೇ ಹೋಯಿತು.

“ಕೊನೆಯ ಸಲ ಫೋನು ಮಾಡಿದಾಗ ಶರಲ್ ಕೇಳಿದಳು, ನೀವು ಯಾರು, ಮಮ್ಮಿಯ ಫೋನು ನಿಮ್ಮ ಹತ್ತಿರ ಹೇಗೆ ಬಂತು ಅಂತ,” ಎಂದಳು ಸೆಲಿನ್. “ಮೊಬೈಲ್ ಕೆಳಗಿಟ್ಟೆ, ಬಾಯಿ. ಆಮೇಲೆ ಬರೀ ಮೆಸೇಜು.”

ಮಮ್ಮಿ ಯಾರ ಜೊತೆಗೋ ಇದ್ದಾಳೆ ಎಂದು ಮಗಳು ತಿಳಿದಿದ್ದಳು. ಮೆಸೇಜಿಗೆ ಉತ್ತರ ಕೊಡುವುದನ್ನೂ ಕಡಿಮೆ ಮಾಡಿದ್ದಳು. ಸೆಲಿನ್ ಕೆಲಸಕ್ಕಿದ್ದ ಮನೆಯ ಮುದುಕಿ, ಮನೆಯವರೆಲ್ಲ ಅಮ್ಮ ಎಂಬ ಅರ್ಥದಲ್ಲಿ ಮಾಮಾ ಎಂದು ಕರೆಯುತ್ತಿದ್ದ ಆ ಹೆಂಗಸಿಗೆ, ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ನನ್ನ ಸೆಲಿನಳನ್ನು ಎಲ್ಲಿಗೆ ಕಳಿಸಿದಿರಿ, ಇವಳು ಯಾರು ಎಂದು ಅವರೂ ಮಗನ ಹತ್ತಿರ ಜಗಳವಾಡಿದ್ದರಂತೆ. ಕೈ ಹಿಡಿದು ಬೆರಳು ಮುಟ್ಟಿ ನೋಡಿದ ಮೇಲೆ ನಂಬಿದರಂತೆ.

ಜನವರಿಯ ಚಳಿಯ ಗಾಳಿ ಬೀಸತೊಡಗಿತು. ಒಂದು ಶುಕ್ರವಾರ ಅಭ್ಯಾಸಕ್ಕೆ ಮೊದಲು ಚರ್ಚಿನ ಬಚ್ಚಲಿಗೆ ಹೋದರೆ ಸೆಲಿನ್ ಕನ್ನಡಿಯ ಮುಂದೆ ನಿಂತು ರೇಜರಿನಿಂದ ಗಲ್ಲ ಬೋಳಿಸಿಕೊಳ್ಳುತ್ತಿದ್ದಳು. ಮಾಸ್ಕ್ ಕಿವಿಯಿಂದ ಜೋಲುತ್ತಿತ್ತು. ಮೇಲ್ದುಟಿಯಲ್ಲಿ, ಕೆನ್ನೆಯ ಬದಿಯಲ್ಲಿ ಹಸಿರು ನೆರಳು, ಎಲ್ಲೆಲ್ಲೋ ಗೀರಿದ ಗಾಯ. ಅವಳು ಬೆಚ್ಚಿ ಮುಖ ತಿರುಗಿಸಿದಳು. ನಾನು ಬಾಗಿಲು ಹಾಕಿ ಚಿಲಕ ಜಡಿದೆ. ಹೆಂಗಸರ ವಾರ್ಡಿನಲ್ಲಿ ಕೆಲಸ ಮಾಡಿದವಳಿಗೆ ಕೇಳಬೇಕಾದ ಪ್ರಶ್ನೆಗಳು ಗೊತ್ತು. ಮುಟ್ಟು ನಿಂತು ಎಷ್ಟು ಕಾಲವಾಯಿತು, ತಲೆಯ ಕೂದಲು ಉದುರುತ್ತದೆಯೇ, ಹೊಟ್ಟೆಯಲ್ಲಿ ಭಾರವೇ. ಎಲ್ಲಕ್ಕೂ ಅವಳು ಹೌದೆಂದು ತಲೆಯಾಡಿಸಿದಳು. ಯಾರಿಗೂ ಹೇಳಲಿಲ್ಲವೇ ಎಂದರೆ, ಏನೆಂದು ಹೇಳುವುದು, ನಾನು ಗಂಡಸಾಗುತ್ತಿದ್ದೇನೆ ಎಂದೇ ಎಂದು ಕೇಳಿದಳು. ತನಗೆ ಯಾರದೋ ಶಾಪ ತಟ್ಟಿದೆ ಎಂದು ಅವಳು ನಂಬಿದ್ದಳು.

ಮಾರನೆಯ ವಾರ ಮಾಮಾರ ಮಗನಿಗೆ ಹೇಳಿಸಿ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದೆ. ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ಮೂತ್ರಪಿಂಡದ ಮೇಲೆ ಕೂತಿರುವ ಸಣ್ಣ ಗ್ರಂಥಿಯಲ್ಲಿ ಮುಷ್ಟಿಗಿಂತ ದೊಡ್ಡ ಗಡ್ಡೆ ಬೆಳೆದಿತ್ತು. ಅದು ಗಂಡಸರ ಹಾರ್ಮೋನನ್ನು ಒಂದೇ ಸಮನೆ ಅವಳ ಮೈಗೆ ಸುರಿಯುತ್ತಿತ್ತು. ಗಡ್ಡ ಬಂದದ್ದು ಅದರಿಂದ, ಮುಟ್ಟು ನಿಂತದ್ದು ಅದರಿಂದ, ದನಿ ಇಳಿದದ್ದೂ ಅದರಿಂದ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇಂಥ ಗಡ್ಡೆ ಹೆಚ್ಚಾಗಿ ಒಳ್ಳೆಯದಲ್ಲ, ಬೇಗ ತೆಗೆಸಬೇಕು ಎಂದರು. ತೆಗೆದರೆ ಹಳೆಯ ದನಿ ಬರುತ್ತದೆಯೇ ಎಂಬುದೊಂದೇ ಸೆಲಿನ್ ಕೇಳಿದ ಪ್ರಶ್ನೆ. ಗಂಟಲಿನ ತಂತಿ ಒಮ್ಮೆ ದಪ್ಪಗಾದರೆ ಮತ್ತೆ ತೆಳ್ಳಗಾಗುವುದಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು.

ಬುದಯ್ಯಕ್ಕೆ ಹಿಂತಿರುಗುವ ದಾರಿಯುದ್ದಕ್ಕೂ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಖರ್ಜೂರದ ತೋಟಗಳು ಕಾಣಲು ಶುರುವಾದಾಗ, ಹಾಗಾದರೆ ಇದು ಶಾಪ ಅಲ್ಲ, ಎಂದಳು. ಅವಳಿಗೆ ಒಂದು ಬಗೆಯ ಸಮಾಧಾನವಾಗಿತ್ತು. ನನಗೆ ಗೊತ್ತಿದ್ದದ್ದನ್ನು ಇಟ್ಟುಕೊಂಡು ಆ ಸಮಾಧಾನವನ್ನು ನೋಡುವುದು ಕಷ್ಟವಾಗಿತ್ತು.

ಅವಳ ಅಣ್ಣ ಮಂಗಳೂರಿನ ಆಸ್ಪತ್ರೆಯಲ್ಲಿ ಏರ್ಪಾಡು ಮಾಡಿದ. ಮಾಮಾರ ಮಗ ಟಿಕೆಟ್ ಮಾಡಿಸಿ ಪಾಸ್‌ಪೋರ್ಟ್ ತಂದುಕೊಟ್ಟ. ಕಾಗದದ ಕೆಲಸವೆಲ್ಲ ಮುಗಿದು ಹೊರಡಬಹುದು ಎನ್ನುವಾಗ ಫೆಬ್ರವರಿ ಮುಗಿಯುತ್ತ ಬಂದಿತ್ತು. ಮುಹರಕ್ಕಿನ ಹಾಡಿಗೆ ಇನ್ನೊಂದು ವಾರ. ಹಾಡಿಯೇ ಹೋಗುತ್ತೇನೆ ಎಂದಳು ಸೆಲಿನ್. ನಾನು ಸಿಟ್ಟಾದೆ. ಒಂದು ವಾರವೂ ತಡಮಾಡುವಂತಿಲ್ಲ ಎಂದು ಕೂಗಾಡಿದೆ. ಅವಳು ಜಗ್ಗಲಿಲ್ಲ. ದಾರಿ ಕಾಣದೆ ಪಾವೊಲಾರಿಗೆ ಎಲ್ಲವನ್ನೂ ಹೇಳಿದೆ. ಅವರಾದರೂ ಬೇಡ ಎನ್ನಲಿ ಎಂದು.

 ಇಷ್ಟು ದಿನ ತಾವು ಕೊಂಡಾಡಿದ್ದು ಒಂದು ಹೆಂಗಸನ್ನು ಕೊಲ್ಲುತ್ತಿರುವ ರೋಗವನ್ನು ಎಂಬುದು ಪಾವೊಲಾರಿಗೆ ತಡೆಯಲಾಗಲಿಲ್ಲ. ಮರುದಿನ ಸೆಲಿನಳನ್ನು ಕೂರಿಸಿಕೊಂಡು, ಆ ಹಾಡನ್ನು ಕೈಬಿಡುತ್ತೇನೆ, ಈ ದನಿಯನ್ನು ಜನರ ಮುಂದೆ ಇಡುವುದು ನನ್ನಿಂದಾಗದು, ಇದು ಕಾಯಿಲೆ ಎಂದರು. ನಾನು ಅದನ್ನು ಕೊಂಕಣಿಗೆ ತಿರುಗಿಸಿ ಹೇಳಿದೆ. ಸೆಲಿನ್ ಪಾವೊಲಾರ ಮುಖ ನೋಡಿಕೊಂಡೇ ನನಗೆ ಹೇಳಿದಳು.

“ಅವರಿಗೆ ಹೇಳಿ ಬಾಯಿ. ಈ ದನಿಗೆ ನಾಚಿ ನಾನು ಒಂದೂವರೆ ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಮಗಳೂ ಹೋದಳು. ಇದು ಬೇಕು ಅಂದವರು ಇವರೊಬ್ಬರೇ. ಈಗ ಇವರೂ ಬೇಡ ಅಂದರೆ ನನ್ನ ಹತ್ತಿರ ಎಂತ ಉಳಿಯಿತು? ಕಾಯಿಲೆಯದ್ದಾದರೂ ಹಾಡುವುದು ನಾನಲ್ಲವಾ?”

ನಾನು ಹೇಳಿದೆ.  ಪಾವೊಲಾ ಎದ್ದು ಸ್ವರ ಕೊಟ್ಟರು. ಸೆಲಿನ್ ತನ್ನ ಸಾಲನ್ನು ಮೊದಲಿನಿಂದ ಹಾಡಿದಳು.

ಹಾಡಿನ ದಿನ ಆಕಾಶದ ತುಂಬ ಕೆಂಪು ಧೂಳು. ಜನ ಬರುವುದಿಲ್ಲವೇನೋ ಎಂದುಕೊಂಡಿದ್ದೆವು, ಅಂಗಳ ತುಂಬಿತು. ಮಹಡಿಯ ಪಡಸಾಲೆಗೆ ಹಳೆಯ ಮರದ ಜಾಲರಿ ಕಟ್ಟಿ ನಮ್ಮನ್ನು ಅದರ ಹಿಂದೆ ನಿಲ್ಲಿಸಿದ್ದರು. ನಮಗೆ ಅವರ ತಲೆಗಳು ಕಾಣುತ್ತಿದ್ದವು, ಅವರಿಗೆ ನಾವು ಬರೀ ನೆರಳು. ಕೆಳಗೆ ಬುಖೂರು ಉರಿಯುತ್ತಿತ್ತು. ನಮ್ಮದು ನಾಲ್ಕು ದನಿಯ ಲ್ಯಾಟಿನ್ ಕೀರ್ತನೆ. ಎತ್ತರದ ಸಾಲು ಮೊದಲು, ನಂತರ ಮಧ್ಯದವು, ಎಲ್ಲರೂ ಒಂದು ಗಳಿಗೆ ಉಸಿರು ಹಿಡಿದ ಮೇಲೆ ಸೆಲಿನ್. ಅವಳು ಮಾಸ್ಕ್ ತೆಗೆದು ಜೇಬಿಗೆ ಹಾಕಿಕೊಂಡಿದ್ದಳು. ಅವಳ ಪಕ್ಕದಲ್ಲಿ ನಿಂತ ನನಗೆ ಆ ಸ್ವರ ಕಿವಿಗಿಂತ ಮೊದಲು ಕಾಲಡಿಯ ಹಲಗೆಯಲ್ಲಿ ತಿಳಿಯಿತು. ಕೆಳಗಿನ ತಲೆಗಳು ಒಟ್ಟಿಗೆ ಮೇಲೆದ್ದವು. ನನ್ನ ಸಾಲು ನನಗೆ ಮರೆತುಹೋಯಿತು. ಮುಗಿಯುವವರೆಗೆ ಸುಮ್ಮನೆ ಬಾಯಾಡಿಸಿದೆ.

ಮುಗಿದ ಮೇಲೆ ಒಬ್ಬ ಯುರೋಪಿನ ಗೃಹಸ್ಥರು ಮೆಟ್ಟಿಲು ಹತ್ತಿ ಬಂದರು. ನಗುತ್ತಲೇ, ಹೆಂಗಸರು ಮಾತ್ರ ಎಂದು ಹೇಳಿ ಒಬ್ಬ ಗಂಡಸನ್ನು ಬಚ್ಚಿಟ್ಟಿದ್ದೀರಲ್ಲ, ಅವನನ್ನು ನೋಡಬೇಕು ಎಂದರು.  ಸೆಲಿನಳಿಗೆ ಅಷ್ಟು ಇಂಗ್ಲಿಷ್ ತಿಳಿಯುತ್ತಿತ್ತು. ಅವಳು ಒಂದು ಹೆಜ್ಜೆ ಮುಂದೆ ಬಂದು, ಶಾಲನ್ನು ಕೊರಳಿಂದ ಇಳಿಸಿ, ಬೆಳಕಿಗೆ ಮುಖ ಕೊಟ್ಟು ನಿಂತಳು.

“ನಾನೇ ಸರ್,” ಎಂದಳು.

ಅವರ ನಗು ಆರಿತು. ಕಣ್ಣು ಎಲ್ಲಿಡುವುದೆಂದು ತಿಳಿಯದೆ ನೆಲ ನೋಡಿದರು, ಏನೋ ಗೊಣಗಿ ಇಳಿದುಹೋದರು. ಸೆಲಿನ್ ಶಾಲನ್ನು ಮತ್ತೆ ಸುತ್ತಿಕೊಳ್ಳಲಿಲ್ಲ. ಕೆಳಗೆ ಜನರ ನಡುವೆಯೇ ನಡೆದು ಹೋಗಿ ಡ್ರೈವರಿನ ಕಾರು ಹತ್ತಿದಳು. ಕೆಲವರು ದಾರಿ ಬಿಟ್ಟರು, ಕೆಲವರು ದಿಟ್ಟಿಸಿದರು. ಅವಳ ಹಿಂದೆ ಹೋಗುತ್ತಿದ್ದ ನನಗೆ ಹೆಮ್ಮೆಯಾಗಬೇಕಿತ್ತು. ಆಗಿದ್ದು ಹೆದರಿಕೆ. ಕಳೆದುಕೊಳ್ಳಲು ಇನ್ನೇನೂ ಇಲ್ಲದವರ ನಡಿಗೆ ಅದು. ಆಸ್ಪತ್ರೆಯಲ್ಲಿ ನಾನು ಅದನ್ನು ನೋಡಿದ್ದೆ.

ಮಂಗಳೂರಿನಲ್ಲಿ ಹೊಟ್ಟೆ ತೆರೆದಾಗ ಗಡ್ಡೆ ಪಿತ್ತಜನಕಾಂಗಕ್ಕೆ ಹತ್ತಿತ್ತು, ಶ್ವಾಸಕೋಶದಲ್ಲೂ ಕಲೆಗಳಿದ್ದವು. ತೆಗೆಯಬಹುದಾದಷ್ಟು ತೆಗೆದು ಹೊಲಿದರಂತೆ. ಆ ಸರ್ಜನರ ನಂಬರು ಹುಡುಕಿ, ಒಂದು ವಾರ ಮೊದಲು ಬಂದಿದ್ದರೆ ಏನಾದರೂ ಬೇರೆಯಾಗುತ್ತಿತ್ತೇ ಎಂದು ಕೇಳಿದೆ. ಇಲ್ಲ, ಒಂದು ವರ್ಷ ಮೊದಲು ಬಂದಿದ್ದರೆ ಎಂದರು ಅವರು.

ನಾನು ಬಹರೈನಿನಲ್ಲೇ ಇದ್ದೆ. ಬಿಸಿಲು ಏರಿತು, ಜೂನಿನಲ್ಲಿ ಗೋಡೆಗಳೂ ಬೆವರತೊಡಗಿದವು. ಸೆಲಿನ್ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಮಗಳು ಹಾಸ್ಟೆಲಿನಿಂದ ಬಂದು ಹಾಸಿಗೆಯ ಪಕ್ಕ ಕೂರುತ್ತಾಳೆ, ಆದರೆ ನಾನು ಮಾತಾಡಿದರೆ ಅವಳ ಮುಖ ಬೇರೆ ಆಗುತ್ತದೆ, ಅದಕ್ಕೆ ಕೈಸನ್ನೆಯಲ್ಲೇ ಹೇಳುತ್ತೇನೆ ಎಂದಳು ಒಮ್ಮೆ. ಮತ್ತೊಮ್ಮೆ, ಮಾಮಾ ಹೇಗಿದ್ದಾರೆ ಎಂದು ಕೇಳಿದಳು. ನಾನು ಬುದಯ್ಯಕ್ಕೆ ಹೋಗಿ ಮುದುಕಿಯ ಕಿವಿಗೆ ಫೋನು ಹಿಡಿದೆ. ಇಬ್ಬರೂ ಮುರುಕು ಅರಬಿಯಲ್ಲಿ ಏನೋ ಮಾತಾಡಿದರು. ಹೊಸ ಹುಡುಗಿಗೆ ಕಾಲು ಒತ್ತಲು ಬರುವುದಿಲ್ಲ ಎಂದು ಮಾಮಾ ದೂರುತ್ತಿದ್ದರು. ಅದಾಗಿ ಎರಡು ವಾರಕ್ಕೆ ಅಣ್ಣನಿಂದ ಸುದ್ದಿ ಬಂತು. ಮಳೆ ಜೋರಿದ್ದ ಕಾರಣ ಮಣ್ಣಿಗೆ ಇಡಲು ತಡವಾಯಿತು ಎಂದ ಅಷ್ಟೇ. ಮುಂದಿನ ಶುಕ್ರವಾರ ನಾವು ಅವಳ ಹೆಸರಿನಲ್ಲಿ ಪೂಜೆ ಕೊಟ್ಟೆವು. ಆ ಕೀರ್ತನೆಯನ್ನು ಹಾಡೋಣ ಎಂದು ಯಾರೋ ಹೇಳಿದರು. ಕೆಳಗಿನ ಸಾಲಿಲ್ಲದೆ ಅದು ನಿಲ್ಲುವುದಿಲ್ಲ ಎಂದು ಪಾವೊಲಾ ತಲೆಯಾಡಿಸಿದರು.

ಮುಹರಕ್ಕಿನ ಹಾಡನ್ನು ಪಾವೊಲಾ ಧ್ವನಿಮುದ್ರಣ ಮಾಡಿಸಿದ್ದರು. ಕೆಲವು ತಿಂಗಳ ಮೇಲೆ, ಮಗಳ ಹತ್ತಿರ ಇರಬೇಕಾದದ್ದು ಎಂದುಕೊಂಡು ನಾನು ಅದನ್ನು ಶರಲಳಿಗೆ ಕಳಿಸಿದೆ. ಎಲ್ಲಕ್ಕಿಂತ ಕೆಳಗೆ ಕೇಳುವ ದನಿ ನಿನ್ನ ಮಮ್ಮಿಯದು ಎಂದು ಬರೆದೆ.  ಮರುದಿನ ಫೋನು ಮಾಡಿದಳು. ಅಳುತ್ತಿರಲಿಲ್ಲ. ಮೃದುವಾದ, ಬಹಳ ಮರ್ಯಾದೆಯ ಹುಡುಗಿ.

“ಆಂಟಿ, ಕೇಳಿದೆ. ತುಂಬ ಚೆನ್ನಾಗಿ ಉಂಟು,” ಎಂದಳು. “ಆದರೆ ಅದು ಮಮ್ಮಿ ಅಲ್ಲ. ಆಸ್ಪತ್ರೆಯಲ್ಲಿ ಇದ್ದವರ ದನಿ ಅದು. ಅವರನ್ನು ನಾನು ನೋಡಿಕೊಂಡೆ, ಕೊನೆಯವರೆಗೆ ಇದ್ದೆ. ಮಮ್ಮಿಯ ದನಿ ನನ್ನ ಹತ್ತಿರ ಉಂಟು. ನಿಮಗೆ ಕಳಿಸುತ್ತೇನೆ.”

ಕಳಿಸು ಎಂದೆ. 

ಸಂಜೆ ಅವಳು ಕಳಿಸಿದ್ದು ಹಳೆಯದೊಂದು ವಾಯ್ಸ್ ಮೆಸೇಜು, ಸೆಲಿನ್ ಬಹರೈನಿಗೆ ಬಂದ ಹೊಸತರದು. ಹಿಂದೆ ಎಲ್ಲೋ ಮಿಕ್ಸಿ ತಿರುಗುತ್ತಿತ್ತು. ತೆಳ್ಳಗಿನ, ಸ್ವಲ್ಪ ಮೂಗಿನಿಂದ ಬರುವ ಒಂದು ಹೆಣ್ಣುದನಿ ಕೊಂಕಣಿಯಲ್ಲಿ, ಇಲ್ಲಿ ತುಂಬ ಸೆಕೆ, ನೀನು ಸರಿಯಾಗಿ ಊಟ ಮಾಡು, ಹಾಸ್ಟೆಲಿನ ಸಿಸ್ಟರ್ ಏನಂದರೂ ಎದುರುತ್ತರ ಕೊಡಬೇಡ ಎಂದಿತು. ನಾನು ಎರಡು ಸಲ ಕೇಳಿದೆ. ಆ ಹೆಂಗಸನ್ನು ನಾನು ನೋಡಿಯೇ ಇರಲಿಲ್ಲ.